ಮನೆ, ಮಕ್ಕಳು, ನೌಕರಿ: ವ್ಯಾಯಾಮಕ್ಕೆ ಟೈಮ್ ಎಲ್ಲಿಂದ?

"ಅಕ್ಕಾ, ಮನಿ, ಮಕ್ಕಳು, ನೌಕರಿ, ಇಷ್ಟರೊಳಗ ವ್ಯಾಯಾಮಕ್ಕ ಟೈಮ್ ಎಲ್ಲಿಂದ ತರ್ತೀರಿ?" ಆಫೀಸಿನಲ್ಲಿ, ಮದುವೆ ಮನೆಯಲ್ಲಿ, ಚಿಗರಿ ಬಸ್ಸಿನಲ್ಲಿ ಪಕ್ಕದ ಸೀಟಿನವರೂ ಕೇಳುತ್ತಾರೆ. ಟೈಮ್ ಇಲ್ಲ ಅನ್ನುವುದು ಅರ್ಧ ನಿಜ. ಉಳಿದರ್ಧ ಬೇಜಾರು. ದಿನಾ ಅದೇ ರಸ್ತೆ, ಅದೇ ನಡಿಗೆ, ಅದೂ ಒಬ್ಬರೇ. ಬೇಜಾರಾದ ಕೆಲಸಕ್ಕೆ ಟೈಮ್ ಹೇಗೆ ಸಿಕ್ಕೀತು, ಹೇಳಿ?

ಮೊದಲು ಲೆಕ್ಕ ಮುಗಿಸೋಣ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾತಾಡಲು ಬರಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ದಿನಕ್ಕೆ ಹಂಚಿದರೆ 22 ನಿಮಿಷವೂ ಆಗುವುದಿಲ್ಲ. ಮೊದಲೆಲ್ಲ ಒಂದೇ ಸಲಕ್ಕೆ 10 ನಿಮಿಷವಾದರೂ ಮಾಡಬೇಕು ಅಂತಿತ್ತು. 2020ರಲ್ಲಿ ಆ ಷರತ್ತನ್ನೂ ತೆಗೆದರು. ಚೂರುಪಾರು ಮಾಡಿದ್ದೂ ಲೆಕ್ಕಕ್ಕೆ ಬರುತ್ತದೆ. ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ?

ನಾನು ಧಾರವಾಡದಿಂದ ಹುಬ್ಬಳ್ಳಿಗೆ ಓಡಾಡುವವಳು. ಸಂಜೆ ಒಂದು ಸ್ಟಾಪ್ ಮೊದಲೇ ಇಳಿದು ಬಿರಬಿರನೆ ನಡೆಯುತ್ತೇನೆ. ಕುಕ್ಕರ್ ಸೀಟಿ ಹೊಡೆಯುವಷ್ಟರಲ್ಲಿ ಅಡಿಗೆ ಕಟ್ಟೆಗೆ ಕೈ ಊರಿ ದಂಡ, ಆಮೇಲೆ ಬಸ್ಕಿ. ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಇಂಥ ಕೆಲಸ ಕೊಡಬೇಕು. ಬರೀ ನಡಿಗೆ ಸಾಲದು.

"ರೊಟ್ಟಿ ಬಡಿಯೋದು ವ್ಯಾಯಾಮ ಅಲ್ಲೇನವಾ?" ಇದು ನಮ್ಮ ಅತ್ತೆಯವರ ವಾದ. ರಾಶಿ ರೊಟ್ಟಿ ಬಡಿದರೆ ಭುಜಕ್ಕೆ ಗೊತ್ತಾಗುತ್ತದೆ, ನಿಜ. ಆದರೆ ಕಾಲು ನಿಂತಲ್ಲೇ ನಿಂತಿರುತ್ತವೆ, ಏದುಸಿರು ಬರುವುದಿಲ್ಲ. ಬೆವರು ಬರುವುದು ಒಲೆಯ ಕಾವಿಗೆ. ಇದನ್ನು ಅವರೆದುರು ಹೇಳುವ ಧೈರ್ಯ ನನಗಿಲ್ಲ ಬಿಡಿ. ಅವರ ವಯಸ್ಸಿಗೆ ಮುಖ್ಯವಾಗಿ ಬೇಕಾದದ್ದು ಬೀಳದಂತೆ ಕಾಯುವ ಸಮತೋಲ. ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದನ್ನು ಮೊಮ್ಮಗಳೇ ಕಲಿಸಿದ್ದಾಳೆ. ನಾನು ಹೇಳಿದ್ದರೆ ಕೇಳುತ್ತಿದ್ದರೋ ಇಲ್ಲವೋ!

ಮಕ್ಕಳಿಂದ ವ್ಯಾಯಾಮ ತಪ್ಪುತ್ತದೆ ಅನ್ನುವವರು ಒಮ್ಮೆ ಅವರ ಜೊತೆ ಲಗೋರಿ ಆಡಿ ನೋಡಿ. ಗುರಿ ಇಡಬೇಕು, ಓಡಬೇಕು, ಚೆಂಡು ಬೆನ್ನಿಗೆ ಬೀಳುವ ಮೊದಲು ಬಗ್ಗಿ ಬಿಲ್ಲೆ ಪೇರಿಸಬೇಕು. ಕುಂಟೆಬಿಲ್ಲೆ ಆಡಿದ ಮಾರನೇ ದಿನ ಮೀನಖಂಡ ಮಾತಾಡುತ್ತದೆ. ಮಕ್ಕಳಿಗೆ ದಿನಕ್ಕೆ 60 ನಿಮಿಷ ಬೇಕೇ ಬೇಕು. ಅದರಲ್ಲಿ ನಮ್ಮ ಪಾಲೂ ಬರಲಿ, ಅಲ್ವಾ?

ಭಾನುವಾರ ಉಣಕಲ್ ಕೆರೆ ಅಥವಾ ನೃಪತುಂಗ ಬೆಟ್ಟ. ಯಾವುದು ಅಂತ ಆರಿಸುವುದು ಮಕ್ಕಳೇ, ಹಾಗಾಗಿ ಹೊರಡುವಾಗ ತಕರಾರಿಲ್ಲ. ಧಾರವಾಡದ ಜಿಟಿಜಿಟಿ ಮಳೆ ಹಿಡಿದುಕೊಂಡರೆ ಮನೆಯೊಳಗೇ ಹಾಡು ಹಚ್ಚಿ ಕುಣಿಯುತ್ತೇವೆ. ನಮ್ಮ ಯಜಮಾನರ ಕುಣಿತ ಬರೀ ನಗಲಿಕ್ಕೆ. ಇನ್ನು ಶ್ರಾವಣದಲ್ಲಿ ಪಂಚಮಿ ಬಂದರೆ ಜೋಕಾಲಿ. ಕೂತು ತೂಗಿಸಿಕೊಳ್ಳುವುದಲ್ಲ, ನಿಂತು ಜೀಕಬೇಕು. ತೊಡೆ, ಹೊಟ್ಟೆ, ತೋಳು, ಎಲ್ಲಕ್ಕೂ ಕೆಲಸ.

ಮೊಣಕಾಲು ನೋವು, ಬಿಪಿ, ಶುಗರ್ ಇದ್ದವರು ಡಾಕ್ಟರನ್ನು ಕೇಳಿಯೇ ಜೀಕಿ, ಓಡಿ.

ಮಕ್ಕಳ ಪರೀಕ್ಷೆ, ನೆಂಟರ ಮದುವೆ ಬಂದರೆ ಇದೆಲ್ಲ ತಪ್ಪುತ್ತದೆ. ತಪ್ಪಲಿ. ಆ ವಾರದ ಬಾಕಿಯನ್ನು ಮುಂದಿನ ವಾರಕ್ಕೆ ಹೊರಿಸುವುದಿಲ್ಲ.