ಅಗ್ಗದ ಚೈನ್ ಸಾ ಸಾಕೇ, ಕಂಪನಿಯದೇ ಬೇಕೇ?

ಮುಂಗಾರಿನ ಮೊದಲ ಗಾಳಿ-ಮಳೆಗೆ ಕೊಪ್ಪದ ಆಸುಪಾಸಿನಲ್ಲಿ ನಾಲ್ಕು ಮರ ಬಿದ್ದರೆ, ಮರುದಿನ ಬೆಳಿಗ್ಗೆ ನನಗೆ ಕನಿಷ್ಠ ಎರಡು ಫೋನ್ ಬರುತ್ತವೆ. ಒಂದಿಷ್ಟು ಅಡಿಕೆ, ಒಂದಿಷ್ಟು ಕಾಫಿ ಇಟ್ಟುಕೊಂಡಿರುವ ನಾನು ಮರ ಕೊಯ್ಯುವ ಚೈನ್ ಸಾ ಮಿಷನ್‌ಗಳಲ್ಲಿ ಅಗ್ಗದ್ದನ್ನೂ ಹೆಸರುವಾಸಿ ಕಂಪನಿಯದನ್ನೂ ಬಳಸಿದ್ದೇನೆ ಎಂಬುದು ಊರಿಗೆಲ್ಲ ಗೊತ್ತು. ಕೇಳುವ ಮಾತು ಮಾತ್ರ ಎಲ್ಲರದ್ದೂ ಒಂದೇ: "ಅಣ್ಣ, ವರ್ಷಕ್ಕೆ ನಾಲ್ಕು ದಿನ ಬಳಸೋಕೆ ಅಷ್ಟು ದುಡ್ಡು ಯಾಕೆ, ಅಗ್ಗದ್ದೇ ಸಾಕಲ್ವಾ?"

ಆ ಕೊನೆಯ "ಅಲ್ವಾ" ನನಗೆ ಸಿಟ್ಟು ತರಿಸುತ್ತದೆ. ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು, ಅದಕ್ಕೆ ನನ್ನ ರುಜು ಹಾಕಿಸಿಕೊಳ್ಳಲು ಬಂದವರ ಮಾತು ಅದು. "ಸಾಲದು" ಎಂದರೆ ನಾನು ದುಡ್ಡಿನ ಬೆಲೆ ತಿಳಿಯದವನಾಗುತ್ತೇನೆ. "ಸಾಕು" ಎಂದರೆ ನಾಳೆ ಅವರ ಕಾಲಿಗೆ ಏನಾದರೂ ಆದಾಗ ನನ್ನ ಹೊಟ್ಟೆಯಲ್ಲಿ ಸಂಕಟ. ಅದಕ್ಕಿಂತಲೂ ದೊಡ್ಡ ತಪ್ಪು, ಕಡಿಮೆ ಬಳಸುವವನಿಗೆ ಕಡಿಮೆ ಗುಣಮಟ್ಟ ಸಾಕು ಎಂಬ ಲೆಕ್ಕ. ಕತ್ತಿಗೆ, ಹಾರೆಗೆ ಆ ಲೆಕ್ಕ ನಡೆಯಬಹುದು. ಚೈನ್ ಸಾ ವಿಷಯದಲ್ಲಿ ಅದು ತಲೆಕೆಳಗು. ದಿನವೂ ಮರ ಕೊಯ್ಯುವವನು ಎಂಥ ಮಿಷನ್ ಕೊಟ್ಟರೂ ಅದರ ಸದ್ದಿನಲ್ಲೇ ರೋಗ ಹಿಡಿಯುತ್ತಾನೆ. ವರ್ಷಕ್ಕೆ ನಾಲ್ಕು ದಿನ ಕೈಗೆತ್ತಿಕೊಳ್ಳುವವನಿಗೆ ಕೈಯ ರೂಢಿಯೂ ಇಲ್ಲ, ಕಿವಿಯ ರೂಢಿಯೂ ಇಲ್ಲ. ಅವನ ತಪ್ಪನ್ನು ತಡೆದುಕೊಳ್ಳುವ ಮಿಷನ್ ಅವನಿಗೇ ಹೆಚ್ಚು ಬೇಕು.

ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ಮನೆಯ ದಾರಿಗೆ ಒಂದು ಸಿಲ್ವರ್ ಓಕ್ ಅಡ್ಡ ಬಿತ್ತು. ಹಿಂದಿನ ವರ್ಷ ಆನ್‌ಲೈನಿನಲ್ಲಿ ತರಿಸಿದ್ದ, 58 ಸಿಸಿ ಎಂದು ಮೈಮೇಲೆ ದೊಡ್ಡದಾಗಿ ಬರೆದುಕೊಂಡಿದ್ದ ಅಗ್ಗದ ಮಿಷನ್ನನ್ನು ಕೊಟ್ಟಿಗೆಯಿಂದ ತಂದೆ. ಹಗ್ಗ ಎಳೆದೆಳೆದು ಭುಜ ಸೋತ ಮೇಲೆ ಅದು ಚಾಲೂ ಆಯಿತು. ಎರಡು ತುಂಡು ಕೊಯ್ದು, ಆಕ್ಸಿಲರೇಟರ್ ಬಿಟ್ಟು, ಮುಂದಿನ ಕೈತಡೆಯನ್ನು ದೂಡಿ ಬ್ರೇಕ್ ಹಾಕಿಕೊಂಡೇ ದಿಮ್ಮಿಯನ್ನು ದಾಟಲು ಕಾಲೆತ್ತಿದೆ. ಒದ್ದೆ ತೊಗಟೆಯ ಮೇಲೆ ಕಾಲು ಜಾರಿತು. ನಿಂತೇ ಹೋಗಿರಬೇಕಿದ್ದ ಚೈನು ಮೆಲ್ಲಗೆ ತೆವಳುತ್ತಿತ್ತು. ಎಡಗಾಲಿನ ಗಮ್ ಬೂಟು ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ ಅಡ್ಡಕ್ಕೆ ಸೀಳಿತು, ಒಳಗಿನ ಪ್ಯಾಂಟಿನ ಬಟ್ಟೆ ಹಲ್ಲಿಗೆ ಸಿಕ್ಕಿ ಸುತ್ತಿಕೊಂಡಿತು, ಅಷ್ಟರಲ್ಲಿ ಎಂಜಿನ್ ತಾನಾಗಿ ಬಂದ್ ಬಿತ್ತು. ಚರ್ಮಕ್ಕೆ ಗೀರು ಮಾತ್ರ ಆಯಿತು. ಬೂಟನ್ನು ನಾನು ಎಸೆದಿಲ್ಲ.

ಆಮೇಲೆ ಬಿಚ್ಚಿ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ಚೈನ್ ಸಾದ ಕ್ಲಚ್ಚಿನಲ್ಲಿ ಪುಟ್ಟ ತೂಕದ ತುಂಡುಗಳಿರುತ್ತವೆ. ಎಂಜಿನ್ ವೇಗ ಹೆಚ್ಚಿದಾಗ ಅವು ಹೊರಕ್ಕೆ ಹಿಗ್ಗಿ ಡ್ರಮ್ಮನ್ನು ಹಿಡಿದು ಚೈನು ತಿರುಗಿಸುತ್ತವೆ, ವೇಗ ಇಳಿದಾಗ ಸ್ಪ್ರಿಂಗ್ ಅವುಗಳನ್ನು ಒಳಕ್ಕೆ ಎಳೆಯಬೇಕು. ನನ್ನ ಮಿಷನ್ನಿನ ಸ್ಪ್ರಿಂಗ್ ಒಂದೇ ವರ್ಷಕ್ಕೆ ಸಡಿಲವಾಗಿತ್ತು. ಡ್ರಮ್ಮನ್ನು ಬಿಗಿಯಬೇಕಿದ್ದ ಬ್ರೇಕಿನ ಪಟ್ಟಿ ಎಣ್ಣೆ ಕುಡಿದು ಜಾರುತ್ತಿತ್ತು. ನಾನು ಹಾಕಿದ್ದು ಬ್ರೇಕಿನ ಹಿಡಿಕೆಯನ್ನು ಮಾತ್ರ, ಬ್ರೇಕನ್ನಲ್ಲ. ಕಾಲಿನ ಬಳಿ ತೆವಳುವ ಚೈನಿಗೇ ಈ ಗತಿಯಾದರೆ, ಚೈನು ಸುತ್ತುವ ಉದ್ದನೆಯ ಅಲಗಿನ, ಅಂದರೆ ಬಾರಿನ, ಮೂತಿಯ ಮೇಲ್ಭಾಗ ಮರಕ್ಕೆ ತಾಗಿ ಇಡೀ ಮಿಷನ್ ಮುಖದ ಕಡೆಗೆ ಚಿಮ್ಮುವ ಗಳಿಗೆಯಲ್ಲಿ, ರೆಪ್ಪೆ ಬಡಿಯುವುದರೊಳಗೆ ಚೈನು ನಿಲ್ಲಿಸಬೇಕಾದ ಅದೇ ಬ್ರೇಕು ಏನು ಮಾಡೀತು? ಸ್ಟೀಲ್ (Stihl), ಹಸ್ಕ್‌ವಾರ್ನಾದಂಥ ಕಂಪನಿಗಳಿಗೆ ಎರಡು ಮೂರು ಪಟ್ಟು ಹಣ ಕೊಡುವಾಗ ನಾವು ಕೊಳ್ಳುವುದು ಹೆಸರನ್ನಲ್ಲ, ಈ ಸ್ಪ್ರಿಂಗು ಮತ್ತು ಈ ಪಟ್ಟಿಯನ್ನು.

"ಕಂಪನಿಯದು ಬರೀ 30 ಸಿಸಿ, ಅಗ್ಗದ್ದು 58 ಸಿಸಿ" ಎನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಸ್ಟೀಲ್‌ನ ಎಂಎಸ್ 170 ಮಿಷನ್ನಿನ ಎಂಜಿನ್ 30.1 ಸಿಸಿ, ಬಾರ್ ಮತ್ತು ಚೈನು ಬಿಟ್ಟು ತೂಕ ಸುಮಾರು 4 ಕಿಲೋ. ಮರಗಸಿಯಲ್ಲಿ (ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ) ಕೆಡವಿದ ಕೊಂಬೆ ತುಂಡು ಮಾಡಲು, ದಾರಿಗೆ ಬಿದ್ದ ಸಾಧಾರಣ ಮರ ಬಿಡಿಸಲು ಅದು ಧಾರಾಳವಾಗಿ ಸಾಕು. ರೂಢಿಯಿಲ್ಲದ ತೋಳಿಗೆ ಅರ್ಧ ಗಂಟೆಯ ನಂತರ ಬೇಕಾಗುವುದು ಸಿಸಿಯಲ್ಲ, ಹಗುರ. ಇನ್ನೊಂದು ಎಚ್ಚರಿಕೆ: ಬಿಳಿ-ಕೇಸರಿ ಬಣ್ಣ ಬಳಿದ ಮಾತ್ರಕ್ಕೆ ಅದು ಸ್ಟೀಲ್ ಕಂಪನಿಯದಾಗುವುದಿಲ್ಲ. ಬಣ್ಣ ನೋಡಿ ಕೊಂಡವರಿದ್ದಾರೆ. ಬಿಲ್ಲು ಕೊಟ್ಟು, ನಾಳೆ ರಿಪೇರಿಯನ್ನೂ ಮಾಡಿಕೊಡುವ ಅಧಿಕೃತ ಅಂಗಡಿಯಲ್ಲೇ ಕೊಳ್ಳಬೇಕು.

ಅಗ್ಗದ್ದರ ಪರವಾಗಿ ಹೇಳಬೇಕಾದ ನ್ಯಾಯದ ಮಾತೂ ಇದೆ. ಆ 58 ಸಿಸಿ ಮಾದರಿಯನ್ನು ಹತ್ತಾರು ಹೆಸರಿನಲ್ಲಿ ಮಾರುವುದರಿಂದ ಅದರ ಕಾರ್ಬ್ಯುರೇಟರ್, ಕಾಯಿಲ್, ಕ್ಲಚ್ ಎಲ್ಲ ಕಡಿಮೆ ಬೆಲೆಗೆ ಸುಲಭವಾಗಿ ಸಿಗುತ್ತವೆ, ಮತ್ತು ಬಿಚ್ಚಿ ಜೋಡಿಸಲು ಬಲ್ಲವನ ಕೈಯಲ್ಲಿ ಅದು ವರ್ಷಗಟ್ಟಲೆ ದುಡಿಯುತ್ತದೆ. ಬಲ್ಲವನ ಕೈಯಲ್ಲಿ ಎಂಬುದನ್ನು ಮರೆಯಬಾರದು. ದುಡ್ಡು ಅಗ್ಗದ್ದಕ್ಕಷ್ಟೇ ಇದ್ದರೆ ನನ್ನ ಸಲಹೆ ಬೇರೆ: ಕೊಳ್ಳಲೇಬೇಡಿ, ಮಿಷನ್ ಸಮೇತ ಬರುವ ಆಳಿಗೆ ನಾಲ್ಕು ದಿನದ ಕೂಲಿ ಕೊಡಿ. ಮನೆ ಹಿಂದೆ ಸೌದೆ ತುಂಡು ಮಾಡುವುದಷ್ಟೇ ಕೆಲಸವಾದರೆ ವೈರಿನ ಕರೆಂಟ್ ಚೈನ್ ಸಾ ಕೂಡ ಆದೀತು.

ನನ್ನನ್ನು ಯಾರೂ ಕೇಳದ, ಕೇಳಬೇಕಿದ್ದ ಪ್ರಶ್ನೆಯೆಂದರೆ ಚೈನನ್ನು ಹರಿತ ಮಾಡುವುದು ಹೇಗೆ ಎಂಬುದು. ಮರ ಕೊಯ್ಯುವುದು ಎಂಜಿನ್ನಲ್ಲ, ಹಲ್ಲು. ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ 1946ರಲ್ಲಿ ಒಂದು ಮರದ ಬೊಡ್ಡೆಯೊಳಗೆ ದುಂಬಿಯ ಮರಿಹುಳುವೊಂದು ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ, ಎಳೆ ಉದ್ದವಿರಲಿ ಅಡ್ಡವಿರಲಿ ಲೆಕ್ಕಿಸದೆ ಕೊರೆಯುತ್ತಿದ್ದುದನ್ನು ಕಂಡು, ಅದೇ ದವಡೆಯ ಮಾದರಿಯಲ್ಲಿ ಮರುವರ್ಷ ಹೊಸ ಚೈನು ತಯಾರಿಸಿದ. ಇಂದಿಗೂ ನಮ್ಮ ಚೈನುಗಳಲ್ಲಿ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಬಾಗಿರುವುದು ಅದಕ್ಕೇ. ಕಾಫಿಯವರು ಶಪಿಸುವ ಕಾಂಡಕೊರಕವೂ ಆ ಹುಳುವಿನ ಕುಟುಂಬದ್ದೇ.

ಆ ಹಲ್ಲು ಮಣ್ಣಿಗೋ ಕಲ್ಲಿಗೋ ಒಮ್ಮೆ ತಾಗಿದರೆ ಸಾಕು, ಲಕ್ಷ ರೂಪಾಯಿಯ ಮಿಷನ್ನಾದರೂ ಕೊಯ್ಯುವುದಿಲ್ಲ. ಚಕ್ಕೆ ಉದುರುವ ಬದಲು ಹಿಟ್ಟಿನಂಥ ಪುಡಿ ಬಂದರೆ ಚೈನು ಮೊಂಡಾಗಿದೆ ಎಂದರ್ಥ. ಆಗ ನಮ್ಮವರು ಮಿಷನ್ನನ್ನು ಮರಕ್ಕೆ ಒತ್ತಿ ಹಿಡಿಯುತ್ತಾರೆ, ಬಾರ್ ಕಾಯುತ್ತದೆ, ತೋಳು ಸೋಲುತ್ತದೆ, ಅವಘಡಕ್ಕೆ ದಾರಿಯಾಗುತ್ತದೆ. ಎಂಎಸ್ 170ರಂಥ ಸಣ್ಣ ಮಿಷನ್ನಿನ ಚೈನಿಗೆ 4 ಮಿಲಿಮೀಟರ್, ಅಗ್ಗದ 58 ಸಿಸಿಯವುಗಳಲ್ಲಿ ಸಾಮಾನ್ಯವಾಗಿ ಬರುವ 0.325 ಇಂಚು ಪಿಚ್ಚಿನ (ಕೊಂಡಿಗಳ ಅಂತರದ ಅಳತೆ) ಚೈನಿಗೆ 4.8 ಮಿಲಿಮೀಟರ್ ದಪ್ಪದ ದುಂಡು ಅರ (ಫೈಲ್) ಬೇಕು. ಹಲ್ಲಿನ ಮೇಲೆ ಕೊರೆದಿರುವ ಗೆರೆಯ ಓರೆಗೆ ಅರವನ್ನು ಹೊಂದಿಸಿ, ಒಳಗಿನಿಂದ ಹೊರಕ್ಕೆ ಮಾತ್ರ ಎರಡು ಮೂರು ಸಲ ತಳ್ಳಿ ಉಜ್ಜಬೇಕು, ಎಲ್ಲ ಹಲ್ಲಿಗೂ ಅಷ್ಟೇ ಸಲ. ಪೆಟ್ರೋಲ್ ತುಂಬಿಸಿಕೊಳ್ಳುವಾಗಲೆಲ್ಲ ಐದು ನಿಮಿಷ ಇದಕ್ಕೆ ಕೊಟ್ಟರೆ ಅಗ್ಗದ ಮಿಷನ್ನೂ ಬೆಣ್ಣೆಯಂತೆ ಕೊಯ್ಯುತ್ತದೆ.

ಪೆಟ್ರೋಲ್ ಎಂದಾಗ ಇನ್ನೊಂದು ಮಾತು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. 2ಟಿ (ಟೂ-ಸ್ಟ್ರೋಕ್) ಎಣ್ಣೆ ಬೆರೆಸಿದ ಪೆಟ್ರೋಲನ್ನು ಟ್ಯಾಂಕಿನಲ್ಲೇ ಬಿಟ್ಟು ಹನ್ನೊಂದು ತಿಂಗಳು ಕೊಟ್ಟಿಗೆಗೆ ಎಸೆದರೆ, ಜೂನ್‌ನಲ್ಲಿ ಯಾವ ಕಂಪನಿಯದೂ ಒಂದೇ ಎಳೆತಕ್ಕೆ ಚಾಲೂ ಆಗುವುದಿಲ್ಲ. ಇಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು.

ಇನ್ನು ಮುಂದೆ ಫೋನ್ ಮಾಡುವವರು ಬೆಲೆಯಿಂದ ಮಾತು ಶುರು ಮಾಡಬೇಡಿ. ನಿಮ್ಮ ತೋಟದಲ್ಲಿ ಕೊಯ್ಯಬೇಕಾದ ಅತಿ ದಪ್ಪ ಮರದ ಸುತ್ತಳತೆ ಎಷ್ಟು, ಹತ್ತಿರದ ರಿಪೇರಿ ಅಂಗಡಿ ಎಷ್ಟು ದೂರ, ಮಿಷನ್ ಹಿಡಿಯುವವರು ಯಾರು, ಈ ಮೂರನ್ನು ಹೇಳಿ. ಮೂರನೆಯದಕ್ಕೆ "ಮಗ ರಜೆಗೆ ಬಂದಾಗ ಹಿಡೀತಾನೆ" ಎಂದರೆ, ಮೊದಲು ಅವನನ್ನು ನಮ್ಮ ಮನೆಗೆ ಕಳಿಸಿ, ಆ ಬೂಟು ತೋರಿಸುತ್ತೇನೆ.