ಒಂದು ಸೆಲ್ಲಿನ ಟಾರ್ಚ್: ಕರೆಂಟಿಗೂ ಶಾಖಕ್ಕೂ ದಾರಿ ಬಿಡಿಸುವ ಕೆಲಸ

ಟಾರ್ಚ್ ಕಟ್ಟಲು ಹೊರಟವರ ಮೊದಲ ಪ್ರಶ್ನೆ ‘ಯಾವ ಎಲ್‌ಇಡಿ ಹಾಕಲಿ?’ ಎಂಬುದೇ. ಅದನ್ನು ಕೊನೆಗೆ ಕೇಳಿದರೂ ನಡೆಯುತ್ತದೆ. ಸೆಲ್ಲಿನಿಂದ ಎಲ್‌ಇಡಿವರೆಗಿನ ದಾರಿಯಲ್ಲಿ ವೋಲ್ಟೇಜ್ ಎಲ್ಲಿ ಸೋರುತ್ತಿದೆ, ಎಲ್‌ಇಡಿಯಿಂದ ಹಿಡಿದ ಕೈವರೆಗೆ ಶಾಖ ಎಲ್ಲಿ ತಡೆದು ನಿಲ್ಲುತ್ತಿದೆ, ಇವೆರಡನ್ನು ಮೊದಲು ನೋಡಬೇಕು. ಹಚ್ಚಿ ಐದು ನಿಮಿಷವಾದರೂ ಮೈ ತಣ್ಣಗಿರುವ ಭಾರೀ ಬೆಳಕಿನ ಟಾರ್ಚ್ ಒಳ್ಳೆಯದಲ್ಲ. ಶಾಖ ಹೊರಗೆ ಬರಲಾಗದೆ ಒಳಗೇ ಎಲ್‌ಇಡಿಯನ್ನು ಸುಡುತ್ತಿದೆ ಎಂದೇ ಅರ್ಥ.

ಕಲಿಯಲು ಕಾನ್ವಾಯ್ ಎಸ್2 ಪ್ಲಸ್ ಎಂಬ ಟಾರ್ಚಿನ ಖಾಲಿ ಕವಚಕ್ಕಿಂತ ಅನುಕೂಲದ್ದು ಸಿಗುವುದು ಕಷ್ಟ. ಒಂದು 18650 ಸೆಲ್ (ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್), 17 ಮಿ.ಮೀ. ಡ್ರೈವರ್ (ಎಲ್‌ಇಡಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಬೋರ್ಡು), ಎಲ್‌ಇಡಿ ಕೂರುವ 16 ಮಿ.ಮೀ. ಬಿಲ್ಲೆ, ಇವೆರಡನ್ನೂ ಹಿಡಿದುಕೊಳ್ಳುವ ಹಿತ್ತಾಳೆಯ ಪಿಲ್. ಈ ಅಳತೆಯ ಬಿಡಿಭಾಗಗಳು ಧಾರಾಳ. ಸೋಲ್ಡರ್, ಫ್ಲಕ್ಸ್, ಸಿಲಿಕೋನ್ ವೈರ್, ಥರ್ಮಲ್ ಪೇಸ್ಟ್‌ಗೆ ಬೆಂಗಳೂರಿನವರು ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ಡ್ರೈವರ್‌ನಿಂದ ಶುರು ಮಾಡೋಣ. ಅದರ ಮೇಲಿರುವ ಸಣ್ಣ ಕರಿ ಚಿಪ್‌ಗಳು 7135. ಒಂದೊಂದೂ 350 ಮಿಲಿಆಂಪ್ ಬಿಡುತ್ತದೆ (380ರದೂ ಇದೆ). ಎಂಟಿದ್ದರೆ 2.8 ಆಂಪ್. ಇದು ಲೀನಿಯರ್ ಜಾತಿಯದು. ಹೆಚ್ಚಾದ ವೋಲ್ಟೇಜನ್ನು ಶಾಖ ಮಾಡಿ ಚೆಲ್ಲುತ್ತದೆ. ತುಂಬಿದ ಸೆಲ್ 4.1 ವೋಲ್ಟ್ ಕೊಡುತ್ತಿದ್ದು ಎಲ್‌ಇಡಿಗೆ 3.2 ಸಾಕಾದರೆ, ಉಳಿದ 0.9 ವೋಲ್ಟ್ 2.8 ಆಂಪ್‌ನಲ್ಲಿ ಸುಮಾರು ಎರಡೂವರೆ ವಾಟ್ ಆಗಿ ಡ್ರೈವರ್‌ನಲ್ಲೇ ಉರಿಯುತ್ತದೆ. ಎಲ್‌ಇಡಿ ತಿನ್ನುವ ಒಂಬತ್ತು ವಾಟ್ ಬೇರೆ. ಬೆರಳು ದಪ್ಪದ ಅಲ್ಯೂಮಿನಿಯಂ ಕೊಳವೆಗೆ ಇದು ಹೊರೆಯೇ. ನನ್ನ ಮಟ್ಟಿಗೆ ಈ ಕವಚಕ್ಕೆ ಆರು ಚಿಪ್, ಅಂದರೆ 2.1 ಆಂಪ್, ಸರಿಯಾದ ಮಿತಿ. ಬೆಳಕಿನಲ್ಲಾದ ಕಡಿತ ಕಣ್ಣಿಗೆ ಹೆಚ್ಚು ಗೊತ್ತಾಗುವುದಿಲ್ಲ, ಕೈಗೆ ಗೊತ್ತಾಗುತ್ತದೆ. 3000 ಮಿಲಿಆಂಪ್-ಗಂಟೆಯ ಸೆಲ್ ಒಂದು ಗಂಟೆಯ ಬದಲು ಹತ್ತಿರ ಹತ್ತಿರ ಒಂದೂ ಕಾಲು, ಒಂದೂವರೆ ಗಂಟೆ ಬರುತ್ತದೆ. ಎಂಟರ ಬೋರ್ಡೇ ಕೈಯಲ್ಲಿದ್ದರೆ ಚಿಪ್ ಕೀಳಬೇಕಿಲ್ಲ. ಎರಡು ಚಿಪ್‌ಗಳ ಔಟ್‌ಪುಟ್ ಕಾಲಿನ ಬೆಸುಗೆ ಬಿಡಿಸಿ ಸ್ವಲ್ಪ ಎತ್ತಿಬಿಟ್ಟರೆ ಅವು ಸುಮ್ಮನಾಗುತ್ತವೆ.

ಎಲ್‌ಇಡಿ ಆಯ್ಕೆಯಲ್ಲಿ ಲುಮೆನ್‌ಗಿಂತ, ಅಂದರೆ ಬೆಳಕಿನ ಪ್ರಮಾಣಕ್ಕಿಂತ, ಬಣ್ಣದ ನಿಷ್ಠೆಗೆ ಬೆಲೆ ಕೊಡಿ. ಆ ನಿಷ್ಠೆಯ ಅಳತೆ ಸಿಆರ್‌ಐ, ಪೂರ್ಣಾಂಕ 100; ಕೆಲ್ವಿನ್ ಬೆಳಕಿನ ಬಿಳುಪಿನ ಛಾಯೆಯದು. ಸ್ಯಾಮ್‌ಸಂಗ್ ಎಲ್‌ಎಚ್351ಡಿ, 5000 ಕೆಲ್ವಿನ್, ಸಿಆರ್‌ಐ 90. ಅಥವಾ ಲೂಮಿನಸ್ ಎಸ್‌ಎಸ್‌ಟಿ-20, 4000 ಕೆಲ್ವಿನ್, ಸಿಆರ್‌ಐ 95. ಮೊದಲನೆಯದು ಬೆಳಕನ್ನು ಅಗಲವಾಗಿ ಹರಡುತ್ತದೆ, ಎರಡನೆಯದು ದೂರಕ್ಕೆ ಎಸೆಯುತ್ತದೆ. ನೀಲಿ ಬಿಳುಪಿನ ಅಗ್ಗದ ಎಲ್‌ಇಡಿಯಲ್ಲಿ ಕಂದು, ಕೆಂಪು, ಮಣ್ಣುಬಣ್ಣ ಎಲ್ಲ ಒಂದೇ ಬೂದಿಯಾಗಿ ಕಾಣುತ್ತವೆ. ರಾತ್ರಿ ಅಡಿಕೆ ತೋಟದಲ್ಲಿ ತರಗೆಲೆಯ ಮೇಲೆ ಮಂಡಲದ ಹಾವು ಮಲಗಿದ್ದರೆ ಎಲೆ ಯಾವುದು, ಹಾವು ಯಾವುದು ಎಂದು ಬೇರ್ಪಡಿಸುವುದು ಈ ಬಣ್ಣಗಳೇ.

ಬಿಲ್ಲೆ ತಾಮ್ರದ್ದಾಗಿರಲಿ, ಡಿಟಿಪಿ ಬಗೆಯದಾಗಿರಲಿ. ಮಾಮೂಲಿ ಬಿಲ್ಲೆಯಲ್ಲಿ ಎಲ್‌ಇಡಿಯ ನಡುವಿನ ಪ್ಯಾಡಿಗೂ ಲೋಹಕ್ಕೂ ನಡುವೆ ವಿದ್ಯುತ್ ತಡೆಯುವ ಪದರವೊಂದಿದ್ದು, ಅದು ಶಾಖವನ್ನೂ ತಡೆಯುತ್ತದೆ. ಡಿಟಿಪಿಯಲ್ಲಿ ಆ ಪದರವಿಲ್ಲದೆ ಪ್ಯಾಡ್ ನೇರ ತಾಮ್ರಕ್ಕೆ ಬೆಸೆಯುತ್ತದೆ. ಮೇಲೆ ಹೇಳಿದ ಎರಡೂ ಎಲ್‌ಇಡಿ 3535 ಅಳತೆಯವು (3.5 ಮಿ.ಮೀ. ಚೌಕ). ಕ್ರೀ ಎಕ್ಸ್‌ಎಂ-ಎಲ್2 ಹಾಕುವುದಾದರೆ 5050ರ ಬಿಲ್ಲೆ ಬೇಕು.

ಬೆಸುಗೆಗೆ 183 ಡಿಗ್ರಿಗೆ ಕರಗುವ 63/37 (ತವರ/ಸೀಸ) ಸೋಲ್ಡರ್ ಪೇಸ್ಟ್ ಬಳಸಿ. 138 ಡಿಗ್ರಿಯ ಬಿಸ್ಮತ್ ಪೇಸ್ಟ್ ಸುಲಭ ಎನಿಸುತ್ತದೆ, ಆದರೆ ಆಮೇಲೆ ಬಿಲ್ಲೆಗೆ ವೈರ್ ಬೆಸೆಯುವಾಗ ಎಲ್‌ಇಡಿಯ ಅಡಿಯ ಬೆಸುಗೆಯೂ ಕರಗಿ ಅದು ಜರುಗಿಬಿಡುತ್ತದೆ. ನಡು ಪ್ಯಾಡಿಗೆ ಒಂದು ಸಾಸಿವೆ ಕಾಳಿನಷ್ಟು, ಅಕ್ಕಪಕ್ಕಕ್ಕೆ ಅದರರ್ಧ. ಹಾಟ್‌ಪ್ಲೇಟ್ ಇಲ್ಲದಿದ್ದರೆ ಅಡುಗೆಗೆ ಮತ್ತೆಂದೂ ಬಳಸದ ಒಂದು ಹಳೇ ತವಾ, ಸಣ್ಣ ಉರಿ, ತೆರೆದ ಕಿಟಕಿ. ಪೇಸ್ಟ್ ಬೂದು ಬಣ್ಣ ಬಿಟ್ಟು ಮಿಂಚಿದ ಕ್ಷಣ ಎಲ್‌ಇಡಿ ತಾನೇ ಎಳೆದುಕೊಂಡು ನೇರ ಕೂರುತ್ತದೆ. ಆಗ ಚಿಮಟದ ತುದಿಯಿಂದ ಅಂಚನ್ನು ಮೆಲ್ಲಗೆ ತಟ್ಟಿ; ಹೆಚ್ಚಾದ ಸೋಲ್ಡರ್ ಮಣಿಯಾಗಿ ಹೊರಬರುತ್ತದೆ, ತೆಗೆದುಬಿಡಿ. ಸಿಲಿಕೋನ್ ಗುಮ್ಮಟವನ್ನು ಮಾತ್ರ ಒತ್ತಬೇಡಿ, ಒಳಗಿನ ಕೂದಲೆಳೆ ತಂತಿ ಕಡಿಯಬಹುದು. ತಣ್ಣಗಾದ ಮೇಲೆ ಸಿಆರ್2032 ಬಟನ್ ಸೆಲ್ ಮುಟ್ಟಿಸಿದರೆ ಮಂದವಾಗಿ ಹೊತ್ತಬೇಕು. ಅಕ್ಕಪಕ್ಕದ ಎರಡು ಪ್ಯಾಡಿಗೂ ಬಿಲ್ಲೆಯ ತಾಮ್ರಕ್ಕೂ ನಡುವೆ ಮಲ್ಟಿಮೀಟರ್ ಬೀಪ್ ಎನ್ನಬಾರದು.

ಪಿಲ್‌ನ ಮೇಲ್ಮೈಯನ್ನು 1000 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಸಮ ಮಾಡಿ, ಥರ್ಮಲ್ ಪೇಸ್ಟನ್ನು ತೆಳ್ಳಗೆ ಸವರಿ ಬಿಲ್ಲೆ ಕೂರಿಸಿ. ದಪ್ಪ ಬಳಿದರೆ ಅದೇ ಅಡ್ಡಗೋಡೆ.

ಇನ್ನು ಹೆಚ್ಚಿನವರು ಎಡವುವ ಜಾಗ. 7135 ಡ್ರೈವರ್‌ನಲ್ಲಿ ಎಲ್‌ಇಡಿಯ ಪ್ಲಸ್ ನೇರ ಸೆಲ್ಲಿನ ಪ್ಲಸ್‌ಗೇ ಸೇರಿರುತ್ತದೆ. ಚಿಪ್‌ಗಳು ನಿಯಂತ್ರಿಸುವುದು ಮೈನಸ್ ಬದಿಯನ್ನು. ಟಾರ್ಚಿನ ಮೈಯೆಲ್ಲ ಸೆಲ್ಲಿನ ಮೈನಸ್. ಬಿಲ್ಲೆಯ ಮೇಲಿನ ಬೆಸುಗೆ ಗುಡ್ಡೆ ಎತ್ತರವಾಗಿ ಅಲ್ಯೂಮಿನಿಯಂ ರಿಫ್ಲೆಕ್ಟರಿಗೆ ತಾಗಿತು ಎನ್ನಿ. ತಾಗಿದ್ದು ಮೈನಸ್ ಆದರೆ ಕರೆಂಟ್ ಚಿಪ್‌ಗಳನ್ನು ತಪ್ಪಿಸಿಕೊಂಡು ಹೋಗುತ್ತದೆ: ಎಲ್ಲ ಮೋಡ್‌ನಲ್ಲೂ ಒಂದೇ ಭಾರೀ ಬೆಳಕು. ಡ್ರೈವರ್ ಕೆಟ್ಟಿತೆಂದು ಹೊಸದು ತರಿಸುವವರಿದ್ದಾರೆ; ಕೆಟ್ಟದ್ದು ಡ್ರೈವರ್ ಅಲ್ಲ. ತಾಗಿದ್ದು ಪ್ಲಸ್ ಆದರೆ ಸೆಲ್ಲಿಗೇ ನೇರ ಶಾರ್ಟ್: ಬೆಳಕಿಲ್ಲ, ಸೆಲ್ ಕಾಯುತ್ತದೆ, ಸ್ಪ್ರಿಂಗ್ ಕೆಂಪಾಗಬಹುದು. ಕೂಡಲೇ ಸ್ವಿಚ್ ಆರಿಸಿ ಹಿಂಬದಿ ಮುಚ್ಚಳ ಬಿಚ್ಚಬೇಕು. ಗುಡ್ಡೆಯನ್ನು ತಗ್ಗಾಗಿ, ಬಿಲ್ಲೆಯ ಅಂಚಿನ ಕಡೆಗೆ ಬೆಸೆಯಿರಿ. ಎಲ್‌ಇಡಿ ಸುತ್ತ ಕೂರುವ ಪ್ಲಾಸ್ಟಿಕ್ ಉಂಗುರವನ್ನು ಬಿಡಬೇಡಿ. ಮೇಲೊಂದು ಕ್ಯಾಪ್ಟಾನ್ ಟೇಪ್ (ಶಾಖ ತಾಳುವ, ವಿದ್ಯುತ್ ತಡೆಯುವ ಟೇಪ್) ಚೂರು ಅಂಟಿಸಿ. ಮುಚ್ಚುವ ಮುನ್ನ, ಸೆಲ್ ಹಾಕದೆ, ಪ್ಲಸ್ ಬೆಸುಗೆಗೂ ಮೈಗೂ ಮೀಟರ್ ಹಿಡಿದು ನೋಡಿ.

ಆ ಪ್ಲಾಸ್ಟಿಕ್ ಉಂಗುರ ಬೆಳಕಿನ ಆಕಾರವನ್ನೂ ನಿರ್ಧರಿಸುತ್ತದೆ. ವೃತ್ತದ ನಡುವೆ ಕಪ್ಪು ಚುಕ್ಕೆ ಕಂಡರೆ ಎಲ್‌ಇಡಿಯ ಎತ್ತರ ತಪ್ಪಿದೆ. ಬೇರೆ ದಪ್ಪದ ಉಂಗುರ ಹಾಕಿ. ರಿಫ್ಲೆಕ್ಟರಿನ ಒಳಮೈಯನ್ನು ಎಷ್ಟು ಮೆತ್ತನೆಯ ಬಟ್ಟೆಯಿಂದಲೂ ಒರೆಸಬೇಡಿ, ಗೀರು ಬೀಳುತ್ತದೆ. ಗಾಳಿ ಊದಿದರೆ ಸಾಕು. ಒಳಗೆ ಎಲ್ಲೂ ಫೆವಿಕ್ವಿಕ್ ಬೇಡ. ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ.

ಸ್ಪ್ರಿಂಗಿಗೆ ತಾಮ್ರದ ವೈರ್ ಬೈಪಾಸ್ ಹಾಕಿದರೆ, ಅಂದರೆ ಅದರ ಎರಡು ತುದಿಗೂ ವೈರ್ ಬೆಸೆದರೆ, ಬೆಳಕು ಹೆಚ್ಚುತ್ತದೆ ಎಂಬ ಮಾತಿದೆ. ಕರೆಂಟ್ ಮಿತಿಯಿಲ್ಲದ ಎಫ್‌ಇಟಿ ಡ್ರೈವರ್‌ಗೆ ಅದು ನಿಜ. 7135ರಲ್ಲಿ ಕರೆಂಟ್ ಮೊದಲೇ ಗೊತ್ತಾಗಿರುವುದರಿಂದ ಬೆಳಕು ಅಷ್ಟೇ ಇರುತ್ತದೆ. ಲಾಭ ಇನ್ನೊಂದು ಕಡೆ. ಉಕ್ಕಿನ ಸ್ಪ್ರಿಂಗುಗಳ ಒಟ್ಟು ರೋಧ 0.05 ಓಮ್ ಎಂದಿಟ್ಟುಕೊಂಡರೆ 2.1 ಆಂಪ್‌ನಲ್ಲಿ 0.1 ವೋಲ್ಟ್ ಅಲ್ಲೇ ಹೋಗುತ್ತದೆ. ಸೆಲ್ ಇಳಿಯುತ್ತಾ ಬಂದಾಗ ಆ 0.1 ವೋಲ್ಟ್ ಉಳಿದಿದ್ದರೆ ಪೂರ್ಣ ಬೆಳಕು ಇನ್ನಷ್ಟು ಹೊತ್ತು ನಿಲ್ಲುತ್ತದೆ. 22 ಗೇಜಿನ ಸಿಲಿಕೋನ್ ವೈರ್ ಸಾಕು. ಸ್ಪ್ರಿಂಗ್ ಮಡಚಿಕೊಳ್ಳುವಷ್ಟು ಸಡಿಲ ಬಿಡಿ, ಬೆಸುಗೆ ಬೇಗ ಮುಗಿಸಿ. ಬಹಳ ಹೊತ್ತು ಕಾಯಿಸಿದರೆ ಸ್ಪ್ರಿಂಗಿನ ಬಿಗುವು ಹೋಗಿ ಮತ್ತೆ ಏಳುವುದಿಲ್ಲ.

ಸೆಲ್ಲಿನ ವಿಷಯದಲ್ಲಿ ಉಳಿತಾಯ ಮಾಡಬಾರದು. 18650ರಲ್ಲಿ ಸಾಮಾನ್ಯವಾಗಿ ಹಿಡಿಸುವುದು 3500 ಮಿಲಿಆಂಪ್-ಗಂಟೆಯ ಆಸುಪಾಸಿನವರೆಗೆ. ಮೇಲೆ 9900 ಎಂದು ಬರೆದಿದ್ದರೆ ಅದು ಮೋಸ. ಸ್ಯಾಮ್‌ಸಂಗ್ 30ಕ್ಯೂ ಅಥವಾ ಎಲ್‌ಜಿ ಎಚ್‌ಜಿ2, ನಂಬಿಕೆಯ ಅಂಗಡಿಯಿಂದ. ಲ್ಯಾಪ್‌ಟಾಪ್ ಪ್ಯಾಕಿನಿಂದ ಬಿಚ್ಚಿದ ಸೆಲ್ ಎರಡು ವೋಲ್ಟ್‌ಗಿಂತ ಕೆಳಗಿಳಿದಿದ್ದರೆ ಅದಕ್ಕೆ ಮತ್ತೆ ಚಾರ್ಜ್ ಕೊಡಬೇಡಿ. ಮೇಲಿನ ಪ್ಲಾಸ್ಟಿಕ್ ಹರಿದಿದ್ದರೂ ಹೊಸ ಹೊದಿಕೆ ಹಾಕದೆ ಟಾರ್ಚಿಗೆ ಹಾಕಬೇಡಿ, ಸೆಲ್ಲಿನ ಇಡೀ ಮೈಯೇ ಮೈನಸ್.

ಕಡೆಯದಾಗಿ ಹಿಂಬದಿ ಮುಚ್ಚಳ ತೆಗೆದು, ಮೀಟರನ್ನು 10 ಆಂಪ್‌ಗಿಟ್ಟು, ಸೆಲ್ಲಿನ ಮೈನಸ್‌ಗೂ ಕೊಳವೆಯ ಬರಿಯ ಅಂಚಿಗೂ ಹಿಡಿಯಿರಿ. ಆರು ಚಿಪ್‌ಗೆ 2.1ರ ಹತ್ತಿರ ತೋರಿಸಬೇಕು. 1.7 ಅಥವಾ 1.8 ಬಂದರೆ ಮೊದಲು ಸೆಲ್ ತುಂಬಿದೆಯೇ ನೋಡಿ, ಆಮೇಲೆ ಮೀಟರಿನ ತೆಳು ವೈರ್ ಬದಲಿಸಿ. ಆಗಲೂ ಏರದಿದ್ದರೆ ಒಂದು ಚಿಪ್‌ನ ಬೆಸುಗೆ ಬಿಟ್ಟಿರುತ್ತದೆ. ರೀಡಿಂಗ್ ಸರಿಯಿದ್ದು, ಮುಚ್ಚಳ ಹಾಕಿದ ಮೇಲೆ ಮಿಣುಕಿದರೆ ಸ್ವಿಚ್ಚನ್ನು ಹಿಡಿದಿರುವ ರಿಂಗ್ ಸಡಿಲ. ಚಿಮಟದ ಎರಡು ತುದಿಯನ್ನು ಅದರ ತೂತುಗಳಿಗೆ ಕೊಟ್ಟು ಬಿಗಿ ತಿರುಗಿಸಿ.