ಡಾನ್ಸ್‌ಹಾಲ್ ಕೇಳಬೇಕಾ? ಹಾಡುಗಾರರನ್ನು ಬಿಡಿ, ರಿಡಿಮ್ ಹಿಡಿಯಿರಿ

ಜಮೈಕಾದಲ್ಲಿದ್ದೇನೆ ಅಂದ ಕೂಡಲೇ ಊರಿನವರು ಕೇಳುವುದು ಎರಡೇ ಪ್ರಶ್ನೆ. ಕ್ರಿಸ್ ಗೇಲ್ ಸಿಕ್ಕಿದ್ನಾ? ಬಾಬ್ ಮಾರ್ಲಿ ಹಾಡು ದಿನಾ ಕೇಳ್ತೀರಾ? ಗೇಲ್ ಸಿಕ್ಕಿಲ್ಲ. ಮಾರ್ಲಿ ಹಾಡು ಪ್ರವಾಸಿಗರು ಓಡಾಡುವ ಕಡೆ ಜಾಸ್ತಿ. ಕಿಂಗ್‌ಸ್ಟನ್ ರಸ್ತೆಗಳಲ್ಲಿ, ಹಾಫ್ ವೇ ಟ್ರೀಯಿಂದ ಹೊರಡುವ ಕೆಂಪು ನಂಬರ್ ಪ್ಲೇಟಿನ ಟ್ಯಾಕ್ಸಿಗಳಲ್ಲಿ, ಕಟಿಂಗ್ ಶಾಪಿನಲ್ಲಿ, ಪಕ್ಕದ ಮನೆಯ ಅಂಗಳದಲ್ಲಿ ಬಡಿಯುವುದು ರೆಗ್ಗೆಯಿಂದಲೇ ಹುಟ್ಟಿದ ಕುಣಿತದ ಸಂಗೀತ, ಡಾನ್ಸ್‌ಹಾಲ್. ಮಾರ್ಲಿ ತೀರಿಕೊಂಡದ್ದು 1981ರಲ್ಲಿ. ಆ ಹೊತ್ತಿಗೆ ಅವನು ಹಾಡುತ್ತಿದ್ದ ರೆಗ್ಗೆ ಸಂಗೀತದಲ್ಲಿದ್ದ ದೇವರ ಮಾತು, ಹೋರಾಟದ ಮಾತೆಲ್ಲ ಸ್ವಲ್ಪ ಹಿಂದೆ ಸರಿದು ಓಣಿಯ ಸುದ್ದಿ, ಹುಡುಗಿಯರು, ಜಂಬ, ಪರಸ್ಪರ ಕಾಲೆಳೆಯುವುದು, ಕುಣಿತ ಮುಂದೆ ಬಂದಿತ್ತು.

ಯಾವ ಹಾಡಿಂದ ಶುರು ಮಾಡಲಿ ಅಂತ ಕೆಲವರು ಕೇಳಿದ್ದಾರೆ. ನನ್ನ ಸಲಹೆ ಇಷ್ಟೇ: ಗಾಯಕರ ಪಟ್ಟಿ ಮಾಡಿಕೊಳ್ಳಬೇಡಿ, ರಿಡಿಮ್ ಹಿಡಿದು ಕೇಳಿ. ರಿಡಿಮ್ ಅಂದರೆ ಬೇಸ್ ಮತ್ತು ಡ್ರಮ್ಸಿನ ಒಂದು ತಯಾರಾದ ಟ್ರ್ಯಾಕ್. ನಮ್ಮಲ್ಲಿ ಒಂದೇ ಧಾಟಿಗೆ ಹತ್ತು ಭಜನೆ ಹಾಡ್ತಾರಲ್ಲ, ಹಾಗೆ ಇಲ್ಲಿ ಒಂದೇ ರಿಡಿಮ್ ಮೇಲೆ ಹತ್ತಿಪ್ಪತ್ತು ಜನ ತಮ್ಮ ತಮ್ಮ ಹಾಡು ಕಟ್ಟುತ್ತಾರೆ. ಯಾರೂ ಅದನ್ನು ಕದ್ದದ್ದು ಅನ್ನಲ್ಲ. ಯಾರು ಚೆನ್ನಾಗಿ ಹತ್ತಿ ಕೂತರು ಅನ್ನುವುದೇ ಪಂದ್ಯ.

ಮೊದಲು ಎರಡು ಹಾಡು ಒಂದರ ಹಿಂದೆ ಒಂದು ಹಾಕಿ. ಸಿಸ್ಟರ್ ನ್ಯಾನ್ಸಿಯ 'ಬ್ಯಾಮ್ ಬ್ಯಾಮ್', 1982ರದ್ದು. ಆಮೇಲೆ ಟೆನರ್ ಸಾ ಹಾಡಿದ 'ರಿಂಗ್ ದಿ ಅಲಾರ್ಮ್', 1985ರದ್ದು. ಎರಡರ ಕೆಳಗೂ ಇರುವುದು ಸ್ಟ್ಯಾಲಗ್ ಎಂಬ ಒಂದೇ ರಿಡಿಮ್, ಅದು ಹುಟ್ಟಿದ್ದು ಎಪ್ಪತ್ತರ ದಶಕದಲ್ಲಿ. ನ್ಯಾನ್ಸಿ ಆರಾಮಾಗಿ, ತನಗೆ ಯಾರ ಹಂಗೂ ಇಲ್ಲ ಅನ್ನುವ ಹಾಗೆ ಹಾಡುತ್ತಾಳೆ. ಟೆನರ್ ಸಾ ಅದೇ ಟ್ರ್ಯಾಕಿನ ಮೇಲೆ ಅಳುವ ಧ್ವನಿಯಲ್ಲಿ ಎದುರಾಳಿಗೆ ಸವಾಲು ಹಾಕುತ್ತಾನೆ. ಅಂದಹಾಗೆ, ಲೋಕವೆಲ್ಲ ಕೇಳಿದ ಆ ಹಾಡಿಗೆ ನ್ಯಾನ್ಸಿಗೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ರಾಯಲ್ಟಿ ಸಿಗಲಿಲ್ಲ. ಅಮೆರಿಕಕ್ಕೆ ಹೋಗಿ ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡಿದ್ದಳು.

ಇನ್ನೊಂದು ತಪ್ಪಿಸಲೇಬಾರದ್ದು ವೇಯ್ನ್ ಸ್ಮಿತ್‌ನ 'ಅಂಡರ್ ಮಿ ಸ್ಲೆಂಗ್ ಟೆಂಗ್', 1985. ಇದರ ಕಥೆ ನನಗೆ ಬಹಳ ಇಷ್ಟ. ಕ್ಯಾಸಿಯೋ ಕಂಪನಿಯ ಎಂಟಿ-40 ಅನ್ನುವ ಪುಟ್ಟ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ 'ರಾಕ್' ಅನ್ನುವ ತಾಳ ತಾನೇ ಬಾರಿಸುತ್ತಿತ್ತು. ಅದನ್ನು ಮಾಡಿಟ್ಟವರು ಒಕುಡಾ ಹಿರೋಕೊ ಎಂಬ ಜಪಾನಿ ಹೆಣ್ಣುಮಗಳು, ಕಾಲೇಜಿನಲ್ಲಿ ರೆಗ್ಗೆ ಬಗ್ಗೆಯೇ ಪ್ರಬಂಧ ಬರೆದವರು. ಕಿಂಗ್‌ಸ್ಟನ್ ಹುಡುಗರ ಕೈಗೆ ಆ ಕೀಬೋರ್ಡು ಸಿಕ್ಕಿತು, ನಿರ್ಮಾಪಕ ಕಿಂಗ್ ಜ್ಯಾಮಿ ಅದರ ವೇಗ ಇಳಿಸಿ ರೆಕಾರ್ಡ್ ಮಾಡಿದ, ವಾಲ್ಥಮ್ ಪಾರ್ಕ್ ರಸ್ತೆಯಲ್ಲಿ ನಡೆದ ಸೌಂಡ್ ಸಿಸ್ಟಮ್ ಪಂದ್ಯದಲ್ಲಿ (ಎರಡು ತಂಡ ದೊಡ್ಡ ಸ್ಪೀಕರ್ ಇಟ್ಟು ಹಾಡು ಹಾಕಿ ಪೈಪೋಟಿ ಮಾಡುವುದು) ಅದನ್ನು ಹಾಕಿ ಎದುರು ಪಾರ್ಟಿಯ ಬಾಯಿ ಮುಚ್ಚಿಸಿದ. ಆಮೇಲೆ ವಾದ್ಯದವರನ್ನು ಕರೆಸುವ ಖರ್ಚೇ ಯಾಕೆ ಅಂತ ಎಲ್ಲರೂ ಕಂಪ್ಯೂಟರ್ ತಾಳಕ್ಕೆ ತಿರುಗಿದರು.

ನಮ್ಮವರಿಗೆ ಕುತೂಹಲ ಆಗುವ ರಿಡಿಮ್ ಅಂದರೆ 'ದಿವಾಲಿ'. ಹೌದು, ನಮ್ಮ ಹಬ್ಬದ ಹೆಸರೇ. ಲೆಂಕಿ ಮಾರ್ಸ್‌ಡನ್ ಮಾಡಿದ್ದು, ಉದ್ದಕ್ಕೂ ಚಪ್ಪಾಳೆ. ಶಾನ್ ಪಾಲ್‌ನ 'ಗೆಟ್ ಬಿಜಿ' ಇದರ ಮೇಲಿನದ್ದೇ, 2003ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅದನ್ನು ನೀವೂ ಕಾಲೇಜ್ ದಿನಗಳಲ್ಲಿ ಕೇಳಿರುತ್ತೀರಿ. ಈಗ ಅದೇ ಚಪ್ಪಾಳೆಯ ಮೇಲೆ ವೇಯ್ನ್ ವಂಡರ್ ಹಾಡಿದ 'ನೋ ಲೆಟಿಂಗ್ ಗೋ' ಕೇಳಿ, ಪೂರ್ತಿ ಪ್ರೇಮಗೀತೆ. ಆಮೇಲೆ ಬೌಂಟಿ ಕಿಲ್ಲರ್‌ನ 'ಸಫರರ್', ಪೂರ್ತಿ ಬಡವರ ಸಿಟ್ಟು.

ಈ ದ್ವೀಪಕ್ಕೆ ಭಾರತದಿಂದ ಕೂಲಿಗಳ ಮೊದಲ ಹಡಗು ಬಂದದ್ದು 1845ರ ಮೇ 10ರಂದು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಭಾಷೆ ಹೆಚ್ಚುಕಮ್ಮಿ ಹೋಯಿತು, ಕರಿ ಗೋಟ್, ಅಂದರೆ ಆಡಿನ ಮಾಂಸದ ಮಸಾಲೆ ಸಾರು, ಉಳಿಯಿತು. ಅದಿಲ್ಲದೆ ಇಲ್ಲಿ ಒಂದು ಸಮಾರಂಭವೂ ಮುಗಿಯಲ್ಲ. ಡಾನ್ಸ್‌ಹಾಲ್‌ನ ದೊಡ್ಡ ಹೆಸರುಗಳಲ್ಲಿ ಒಬ್ಬನಾದ ಸೂಪರ್ ಕ್ಯಾಟ್, ನಿಜ ಹೆಸರು ವಿಲಿಯಂ ಮರಾಘ್, ಅವನ ಮೈಯಲ್ಲೂ ಭಾರತದ ರಕ್ತ ಇದೆ. 1992ರ 'ಘೆಟ್ಟೋ ರೆಡ್ ಹಾಟ್' ಕೇಳಿ. ಹಳೇ ಅಭಿಮಾನಿಗಳಿಗೂ ಇದನ್ನೇ ಹೇಳುತ್ತೇನೆ, ಶಾನ್ ಪಾಲ್‌ನ ಶೈಲಿ ಎಲ್ಲಿಂದ ಬಂತು ಅಂತ ತಟ್ಟನೆ ಗೊತ್ತಾಗುತ್ತದೆ.

ತೊಂಬತ್ತರ ದಶಕದಲ್ಲಿ ಬೇಕಾದಷ್ಟಿದೆ, ಬೇಗ ಹೇಳಿಬಿಡ್ತೀನಿ. ಚಾಕಾ ಡೀಮಸ್ ಮತ್ತು ಪ್ಲೈಯರ್ಸ್ ಜೋಡಿಯ 'ಮರ್ಡರ್ ಶಿ ರೋಟ್'. ಬೀನಿ ಮ್ಯಾನ್‌ನ 'ಹೂ ಆಮ್ ಐ', 1997. ಬುಜು ಬ್ಯಾಂಟನ್‌ನ 'ಅನ್‌ಟೋಲ್ಡ್ ಸ್ಟೋರೀಸ್', 1995. ಇದು ಕುಣಿಯುವ ಹಾಡಲ್ಲ, ಗಿಟಾರ್ ಹಿಡಿದು ಬಡತನದ ಬಗ್ಗೆ ಹಾಡಿದ್ದು, ಮಾತು ಅರ್ಥ ಆಗದಿದ್ದರೂ ಎದೆಗೆ ತಾಗುತ್ತದೆ.

ಒಂದು ಮಾತು ಮುಚ್ಚಿಡಬಾರದು. ಈ ಸಂಗೀತದಲ್ಲಿ ಬಂದೂಕು, ಅಶ್ಲೀಲ, ಸಲಿಂಗಿಗಳ ಮೇಲಿನ ದ್ವೇಷ ಎಲ್ಲ ಇದೆ. ಇದೇ ಬುಜು ಹುಡುಗನಾಗಿದ್ದಾಗ ಹಾಡಿದ ಅಂಥದ್ದೊಂದು ಹಾಡನ್ನು 2019ರಲ್ಲಿ ತನ್ನ ಪಟ್ಟಿಯಿಂದಲೇ ತೆಗೆದುಬಿಟ್ಟ. ವೈಬ್ಸ್ ಕಾರ್ಟೆಲ್ ಎಂಬ ಡಾನ್ಸ್‌ಹಾಲ್ ಹಾಡುಗಾರನ ವಿಷಯವಂತೂ ಟ್ಯಾಕ್ಸಿಯಲ್ಲಿ ತೆಗೆದರೆ ಸಾಕು, ಇಳಿಯುವವರೆಗೂ ಜಗಳ. ಕೊಲೆ ಕೇಸಿನಲ್ಲಿ 2014ರಲ್ಲಿ ಶಿಕ್ಷೆ ಆಯಿತು, 2024ರಲ್ಲಿ ಜಮೈಕಾದ ಕೇಸುಗಳ ಕೊನೆಯ ಮೇಲ್ಮನವಿ ಕೇಳುವ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ರದ್ದು ಮಾಡಿತು, ಜುಲೈಯಲ್ಲಿ ಹೊರಗೆ ಬಂದ. ಒಳಗಿದ್ದಷ್ಟು ಕಾಲವೂ ಹೊಸ ಹಾಡು ಬರುತ್ತಲೇ ಇತ್ತು, 2016ರ 'ಫೀವರ್' ಆಗ ಬಂದದ್ದೇ. ಕಟ್ಟುವ ಚಾತುರ್ಯ ಮಾತ್ರ ಒಪ್ಪಲೇಬೇಕು. ಅಪ್ಪ ಅಮ್ಮನ ಜೊತೆ ಕೂತು ಕೇಳುವಂಥದ್ದಲ್ಲ ಅಷ್ಟೇ.

ಮನೆಯವರ ಮುಂದೆ ಧೈರ್ಯವಾಗಿ ಹಾಕಬಹುದಾದದ್ದು ಕಾಫಿ ಎಂಬ ಹುಡುಗಿಯ 'ಟೋಸ್ಟ್', 2018. ಇಲ್ಲಿನ ಸ್ಪ್ಯಾನಿಷ್ ಟೌನ್ ಎಂಬ ಊರಿನವಳು, 19ನೇ ವಯಸ್ಸಿಗೆ ರೆಗ್ಗೆ ಆಲ್ಬಮ್‌ನ ಗ್ರ್ಯಾಮಿ ಗೆದ್ದಳು, ತನ್ನದೇ ಹೆಸರಿನಲ್ಲಿ, ತಂಡದ ಜೊತೆಯಲ್ಲದೆ, ಆ ಪ್ರಶಸ್ತಿ ಗೆದ್ದ ಮೊದಲ ಹೆಣ್ಣುಮಗಳು.

ಇನ್ನು ಯಾವುದನ್ನೇ ಹಾಕಿದರೂ ಫೋನ್ ಸ್ಪೀಕರಿನಲ್ಲಿ ಕೇಳಿ ಅಭಿಪ್ರಾಯ ಹೇಳಬೇಡಿ. ಬೇಸ್ ಇಲ್ಲದೆ ಇದು ಬರೀ ಕಿರುಚಾಟ ಅನ್ನಿಸುತ್ತದೆ. ಕಾರಿದ್ದರೆ ಕಾರಿನಲ್ಲಿ, ಇಲ್ಲದಿದ್ದರೆ ಒಳ್ಳೇ ಹೆಡ್‌ಫೋನಿನಲ್ಲಿ ಕೇಳಿ. ಸ್ಟ್ಯಾಲಗ್ ಮತ್ತು ದಿವಾಲಿ ಎರಡು ಮುಗಿಸಿದ ಮೇಲೆ ಬರೆಯಿರಿ, ಮುಂದಿನ ರಿಡಿಮ್ ಕಳಿಸ್ತೀನಿ.